ಕಪ್ಪು ಪುಟದ ಎರಡು ಸಾಲು

ನಮ್ಮ ಮನೆಯ ಕಂಪ್ಯೂಟರಿಗೆ ನೆನಪು ಮರಳಿ ಬಂದಿದೆ! ಎರಡು ಸಾಲಿನ ಆ ಕಪ್ಪು ಪುಟ ಮತ್ತೆ ಮೂಡಿದೆ. ನಿನ್ನೆ ಸಂಜೆಯಿಂದ ನಾನು ಈ ಸುದ್ದಿ ಹೇಳದ ಮನೆ ಖಾಸಬಾಗದ ನಮ್ಮ ಓಣಿಯಲ್ಲಿ ಒಂದೂ ಉಳಿದಿಲ್ಲ. ಬೆಳಿಗ್ಗೆ ಹಾಲಿನವನಿಗೂ ಹೇಳಿದೆ. "ಚಲೋ ಆತ ಬಿಡ್ರಿ ಅಮ್ಮಾರ. ಅರ್ಧಾ ಲೀಟರೋ, ಒಂದೋ?" ಎಂದ. ಖುಷಿಯ ಭರದಲ್ಲಿ ಒಂದು ಎಂದುಬಿಟ್ಟೆ. ಈಗ ಒಲೆಯ ಮೇಲೆ ಬೇಡದ ಹಾಲು ಕುದಿಯುತ್ತಿದೆ, ನಾನು ಇಲ್ಲಿ ಕೂತು ಬರೆಯುತ್ತಿದ್ದೇನೆ.

ಇದರಲ್ಲಿ ಇಷ್ಟು ಕುಣಿಯುವಂಥದ್ದೇನಿದೆ ಎಂದು ನೀವು ಕೇಳಬಹುದು. ಯಂತ್ರ ಕೆಡುತ್ತದೆ, ಯಾರೋ ರಿಪೇರಿ ಮಾಡುತ್ತಾರೆ. ನಿಜ. ಆದರೆ ಕೆಡಿಸಿದವರು ಯಾರು ಎಂಬ ಒಂದು ಮಾತು ಉಳಿಯುತ್ತದಲ್ಲ? ಅದನ್ನು ಈಗಲೇ ಹೇಳಿದರೆ ನೀವು ನಕ್ಕು ಮುಂದಿನದನ್ನು ಓದುವುದಿಲ್ಲ. ಸ್ವಲ್ಪ ತಡೆಯಿರಿ.

ಮೊದಲು ಆ ಕಪ್ಪು ಪುಟದ ವಿಷಯ. ನಮ್ಮ ಮಗ್ಗದ ಕೋಣೆಯ ಮೂಲೆಯಲ್ಲಿ, ಹತ್ತಿಯ ಧೂಳು ತಿನ್ನುತ್ತ ಒಂದು ಹಳೆಯ ಕಂಪ್ಯೂಟರ್ ಕೂತಿದೆ. ಅದನ್ನು ಕಟ್ಟಿಕೊಟ್ಟವನು ನನ್ನ ಸೊಸೆಯ ತಮ್ಮ ಬಸವರಾಜ. ಖಾನಾಪುರದ ಬಸ್ ನಿಲ್ದಾಣದ ಹತ್ತಿರ ಅವನದೊಂದು ಝೆರಾಕ್ಸ್ ಅಂಗಡಿಯಿದೆ. ನಾನು ಹಳೆಯ ಸೀರೆಯ ತುಂಡುಗಳನ್ನು ಕೂಡಿಸಿ ಕೌದಿ ಹೊಲಿಯುವಂತೆ ಅವನು ಅಲ್ಲೊಂದು ಇಲ್ಲೊಂದು ಭಾಗ ಕೂಡಿಸಿ ಅಕ್ಕನ ಮಗಳಿಗೆ ಅದನ್ನು ಮಾಡಿಕೊಟ್ಟ. ಅಕ್ಕನ ಮಗಳೆಂದರೆ ನನ್ನ ಮೊಮ್ಮಗಳು ದಾಕ್ಷಾಯಿಣಿ. ನಮಗೆಲ್ಲ ದಾಕ್ಷಿ. ಸೀರೆ ಬಟ್ಟೆಗಳ ವಿನ್ಯಾಸ ಕಲಿಯುವ ಕಾಲೇಜಿಗೆ ಹೋಗುತ್ತಾಳೆ.

ಆ ಯಂತ್ರದೊಳಗೆ ಎರಡು ಸಂಸಾರ. ಅಣ್ಣತಮ್ಮಂದಿರು ಬೇರೆಯಾಗಿ ಒಂದೇ ಮನೆಯಲ್ಲಿ ಎರಡು ಒಲೆ ಹೂಡುತ್ತಾರಲ್ಲ, ಹಾಗೆ. ಆದರೆ ಇಲ್ಲಿ ಒಂದು ಒಲೆ ಉರಿಯುವಾಗ ಇನ್ನೊಂದು ಹೊತ್ತುವಂತಿಲ್ಲ. ಒಂದರ ಗುರುತು ಕಿಟಕಿ. ಕಾಲೇಜಿನ ಪಾಠ, ಅರ್ಜಿ, ನನ್ನ ಮಗ ಮಹಾಂತೇಶ ನೋಡುವ ಕುಸ್ತಿ ಎಲ್ಲ ಅದರಲ್ಲಿ. ಇನ್ನೊಂದರ ಗುರುತು ಪೆಂಗ್ವಿನ್ ಎಂಬ ಹಕ್ಕಿ. ಕರಿ ಕೋಟು ತೊಟ್ಟು ಕೋರ್ಟಿನ ಮುಂದೆ ನಿಂತಂತೆ ಕಾಣುವುದರಿಂದ ನಾನು ಅದಕ್ಕೆ ವಕೀಲ ಎನ್ನುತ್ತೇನೆ. ದಾಕ್ಷಿ ಚಿತ್ರ ಬಿಡಿಸುವುದು ವಕೀಲನ ಮನೆಯಲ್ಲಿ. ಹಳೆಯ ಯಂತ್ರಕ್ಕೆ ಅವನ ಭಾರ ಕಡಿಮೆಯಂತೆ.

ಯಂತ್ರ ಏಳುವಾಗ ಒಂದು ಕಪ್ಪು ಪುಟ ಬರುತ್ತದೆ. ಅದರಲ್ಲಿ ಎರಡು ಸಾಲು. ಮೇಲಿನದು ವಕೀಲ, ಕೆಳಗಿನದು ಕಿಟಕಿ. ಬಾಣದ ಗುಂಡಿ ಒತ್ತಿ ಯಾರನ್ನು ಎಬ್ಬಿಸಬೇಕೆಂದು ಹೇಳಬೇಕು. ಈ ಕೆಲಸ ನನ್ನದು. ಮನೆಯಲ್ಲಿ ಮೊದಲು ಏಳುವವಳು ನಾನು, ಯಂತ್ರವೋ ಮುದಿ ಎಮ್ಮೆಯ ಹಾಗೆ, ಎಬ್ಬಿಸಿದರೆ ಏಳಲು ಅರ್ಧ ತಾಸು ಬೇಕು. "ಆಯಿ, ನಾಳಿ ಮ್ಯಾಲಿಂದ ಒತ್ತು" ಎಂದು ದಾಕ್ಷಿ ಹೇಳಿ ಮಲಗುತ್ತಾಳೆ. ನಾನು ಮುಖ ತೊಳೆದು, ಗುಂಡಿ ಒತ್ತಿ, ಸಾಲು ಆರಿಸಿ, ಚಹಾಕ್ಕೆ ನೀರಿಡುತ್ತೇನೆ. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವಳು ಕಂಪ್ಯೂಟರ್ ಹಚ್ಚುತ್ತೇನೆಂದು ಓಣಿಯಲ್ಲಿ ನನಗೆ ಸಣ್ಣ ಜಂಬವೂ ಇತ್ತು. ಇತ್ತು ಎಂದೇ ಬರೆದಿದ್ದೇನೆ, ಗಮನಿಸಿ.

ಈ ವರ್ಷ ದಸರೆಯ ಖಂಡೆ ಪೂಜೆ, ಅಂದರೆ ಆಯುಧ ಪೂಜೆ, ಬುಧವಾರ ಬಂತು. ಗುರುವಾರ ಬನ್ನಿ. ಗುರುವಾರ ಬೆಳಿಗ್ಗೆ ಗುಂಡಿ ಒತ್ತಿದೆ, ಕಪ್ಪು ಪುಟ ಬರಲೇ ಇಲ್ಲ. ಸೀದಾ ಕಿಟಕಿ ತೆರೆದುಕೊಂಡಿತು. ವಕೀಲ ಊರಲ್ಲೇ ಇಲ್ಲ! ದಾಕ್ಷಿ ಎದ್ದು ಬಂದು ಆರಿಸಿದಳು, ಹಚ್ಚಿದಳು, ಮತ್ತೆ ಆರಿಸಿದಳು. ಆಮೇಲೆ ಮೂಲೆಯಲ್ಲಿದ್ದ ತಾರೀಖಿಗೆ ಬೆರಳು ತೋರಿಸಿದಳು. "ಆಯಿ, ಇದು ನಾ ಒಂದನೇತ್ತಾ ಇದ್ದಾಗಿನ ವರ್ಷ."

ಆ ಮಾತು ಕೇಳಿದ್ದೇ ತಡ, ನನ್ನ ತಲೆ ಯಂತ್ರ ಬಿಟ್ಟು ಎಲ್ಲಿಗೋ ಹೋಯಿತು. ಒಂದನೆಯ ಇಯತ್ತೆಯ ದಾಕ್ಷಿ! ಸಾಲೆಯಿಂದ ಬಂದವಳೇ ಪಾಟಿಚೀಲ ಎಸೆದು ಮಗ್ಗದ ಕೆಳಗೆ ನುಸುಳುತ್ತಿದ್ದಳು. ಕಡಿದು ಬಿದ್ದ ನೂಲೆಲ್ಲ ಆರಿಸಿ, ಬಣ್ಣಬಣ್ಣ ಬೇರೆ ಮಾಡಿ, ಖಾಲಿ ಕಂಡಿಕೆಗೆ ಸುತ್ತಿ, "ಅಜ್ಜಾ, ಇದರಾಗ ನನ್ನ ಗೊಂಬಿಗೆ ಸೀರಿ ನೇಯಿ" ಎಂದು ನಮ್ಮ ಯಜಮಾನರ ಪ್ರಾಣ ತಿನ್ನುತ್ತಿದ್ದಳು. ಸಂಜೆ ತಲೆಗೂದಲಲ್ಲಿ ಸಿಕ್ಕ ಹತ್ತಿಯನ್ನು ನಾನು ಹೆಕ್ಕುತ್ತಿದ್ದೆ, ಅವಳು ಅಲ್ಲೇ ತೂಕಡಿಸುತ್ತಿದ್ದಳು. ಆ ಕೂಸೇ ಈಗ ಎದುರಿಗೆ ನಿಂತು ಕಣ್ಣು ತುಂಬಿಕೊಂಡಿತ್ತು.

ಅಳುವುದಕ್ಕೆ ಕಾರಣವಿತ್ತು. ವಕೀಲನ ಮನೆಯಲ್ಲಿ ಅವಳ ದಡಿ ಇತ್ತು. ದಡಿ ಎಂದರೆ ಸೀರೆಯ ಅಂಚು. ನಮ್ಮ ಯಜಮಾನರು ಹರೆಯದಲ್ಲಿ ಕೈಮಗ್ಗದ ಮೇಲೆ ಜೋಳದ ತೆನೆಯ ದಡಿಯೊಂದನ್ನು ನೇಯುತ್ತಿದ್ದರು. ಅದಕ್ಕೆ ತೂತು ಕೊರೆದ ರಟ್ಟುಗಳ ಮಾಲೆ ಇರುತ್ತದೆ. ರಟ್ಟಿನಲ್ಲಿ ಎಲ್ಲಿ ತೂತೋ ಅಲ್ಲಿ ನೂಲು ಏಳುತ್ತದೆ. ಆ ರಟ್ಟನ್ನೆಲ್ಲ ಗೆದ್ದಲು ತಿಂದು ದಡಿ ಮಣ್ಣಾಯಿತು ಎಂದೇ ನಾವು ತಿಳಿದಿದ್ದೆವು. ಹೋದ ವರ್ಷ ದಾಕ್ಷಿಗೆ ಜ್ವರ ಬಂದು ನನ್ನ ಹಳೆಯ ಕೌದಿ ಹೊದ್ದು ಮಲಗಿದ್ದಾಗ ಅದರ ಮೂಲೆಯಲ್ಲಿ ಗೇಣುದ್ದದ ತುಂಡು ಕಂಡಳು. ಜೋಳದ ತೆನೆ! ನನ್ನದೇ ಸೀರೆ, ನಾನೇ ಹರಿದು ಹೊಲಿದದ್ದು, ನನಗೇ ಮರೆತಿತ್ತು. ಅಂದಿನಿಂದ ಅವಳು ಭೂತಗನ್ನಡಿ ಹಿಡಿದು ಒಂದೊಂದೇ ಎಳೆ ಎಣಿಸಿ ಕಂಪ್ಯೂಟರಿನ ಚೌಕಗಳಲ್ಲಿ ತುಂಬುತ್ತ ಬಂದಿದ್ದಳು. ಸೋಮವಾರ ನೇಕಾರರ ಸಂಘದವರು ಹೊಸ ದಡಿಗಳನ್ನು ನೋಡುವವರಿದ್ದರು. ಒಪ್ಪಿಗೆಯಾದರೆ ಅವರೇ ರಟ್ಟು ಕೊರೆಸಿ ಮಗ್ಗಕ್ಕೆ ಏರಿಸುತ್ತಾರೆ. ಇನ್ನು ಎರಡು ತೆನೆ ಬಾಕಿ ಇದ್ದವು.

"ನೀನ ಏನೋ ಒತ್ತೀದಿ!" ಎಂದು ನಾನು ಮಹಾಂತೇಶನ ಮೇಲೆ ಹೋದೆ. "ಕುಸ್ತಿ ನೋಡೂ ಸಲುವಾಗಿ ಕೂಸಿನ ವಕೀಲನ್ನ ಓಡಿಸೀದಿ."

"ಅವ್ವಾ, ಖಂಡೆ ಪೂಜಿ ದಿನಾ ಅದನ್ನ ಮುಟ್ಟೇ ಇಲ್ಲ ನಾ!"

"ಮುಟ್ಟದ ಕೆಟ್ಟೀತೇನ?"

ಈ ಮಾತನ್ನು ನಾನು ಮೂರು ದಿನ, ದಿನಕ್ಕೆ ಮೂರು ಸಲ ಹೇಳಿದೆ. ಪಾಪ, ಅವನು ರೊಟ್ಟಿ ಮುರಿಯುತ್ತ ಸುಮ್ಮನೆ ಕೇಳಿಸಿಕೊಂಡ.

ಶುಕ್ರವಾರ ದಾಕ್ಷಿ ಅದನ್ನು ಟಿಳಕವಾಡಿಯ ಒಂದು ರಿಪೇರಿ ಅಂಗಡಿಗೆ ಒಯ್ದಳು. ಅಂಗಡಿಯವನು ಪರದೆ ನೋಡಿದ, ಡಬ್ಬಿ ಬಿಚ್ಚಲೂ ಇಲ್ಲ. "ಎರಡೆರಡ ಹಾಕಿದ್ರ ಹಿಂಗ ಆಗ್ತೈತಿ ನೋಡ್ರಿ. ಆ ಇನ್ನೊಂದ ಅಳಿಸಿ ಹೋಗಿರಬೇಕು. ಎಲ್ಲಾ ತೊಳದ ಒಂದ ಹಾಕಿ ಕೊಡ್ತೀನಿ" ಎಂದನಂತೆ. ತೊಳೆದು! ದಾಕ್ಷಿ ಯಂತ್ರ ಎತ್ತಿಕೊಂಡು ಮನೆಗೆ ಬಂದಳು. ಸಂಜೆ ಯಜಮಾನರು ಆ ಕೌದಿಯ ಮೂಲೆಯನ್ನು ಬೆರಳಲ್ಲಿ ಸವರುತ್ತ ಕೂತಿದ್ದರು. "ಎರಡನೇ ಸಲ ಗೆದ್ದಲ ತಿಂತೇನವಾ ನನ್ನ ದಡಿ?" ಎಂದು ಒಂದೇ ಮಾತು ಆಡಿದರು.

"ಏಳ ದಾಕ್ಷಿ, ನಾಳಿ ಖಾನಾಪುರಕ್ಕ ಹೋಗೂಣು. ಕಟ್ಟಿದಾಂವಗ ಗೊತ್ತಿರತೈತಿ ಎಲ್ಲಿ ಬಿಚ್ಚೇತಿ ಅಂತ" ಎಂದೆ.

ಶನಿವಾರ ಬೆಳಿಗ್ಗೆ ರೈಲು ಹತ್ತಿದೆವು. ಯಂತ್ರಕ್ಕೆ ಪೆಟ್ಟಾಗಬಾರದೆಂದು ಇನ್ನೊಂದು ಕೌದಿಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಎದುರಿಗೆ ಕೂತ ಒಬ್ಬಾಕೆ ಲೋಂಡಾಕ್ಕೆ ಹೊರಟವಳು, ಬಹಳ ಹೊತ್ತು ನನ್ನ ತೊಡೆಯನ್ನೇ ನೋಡಿದಳು. ಆಮೇಲೆ ಮರಾಠಿಯಲ್ಲಿ ಮೆಲ್ಲಗೆ, ಕೂಸು ಯಾರದು ಎಂದು ಕೇಳಿದಳು. ನಾನು ಹುಟ್ಟಿದ್ದು ಖಾನಾಪುರದ ಕಡೆಯ ಹಳ್ಳಿಯಲ್ಲಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಇಂದಿಗೂ ಎಳೆ ಎಣಿಸುವಾಗ ನನ್ನ ಬಾಯಲ್ಲಿ ಏಕ, ದೋನ, ತೀನ ಎಂದೇ ಬರುತ್ತದೆ. ಯಾರು ಯಾವ ಭಾಷೆಯಲ್ಲಿ ಮಾತಾಡಿಸಿದರೂ ಆ ಭಾಷೆಯ ಸಾಲು ತಾನೇ ಎದ್ದು ನಿಲ್ಲುತ್ತದೆ, ಗುಂಡಿ ಒತ್ತುವುದೂ ಬೇಡ. ಹಾಗೆ ಮರಾಠಿ ಎದ್ದು ನಿಂತು, ನಾನು "ನಾತೀಚಂ" ಎಂದುಬಿಟ್ಟೆ. ಮೊಮ್ಮಗಳದು ಎಂದರ್ಥ. ಆಕೆ ಮದುವೆಯಾಗದ ದಾಕ್ಷಿಯ ಬೋಳು ಕೊರಳನ್ನು ಒಮ್ಮೆ, ಗಂಟನ್ನು ಒಮ್ಮೆ ನೋಡಿ ಬಾಯಿಗೆ ಸೆರಗು ಹಚ್ಚಿದಳು.

"ಆಯಿ! ಬಿಚ್ಚಿ ತೋರಸ ಮೊದಲ!" ದಾಕ್ಷಿಯ ಮುಖ ಕೆಂಪಾಗಿತ್ತು.

ಕೌದಿ ಸರಿಸಿದೆ. ಒಳಗೆ ಕರಿಯ ಡಬ್ಬಿ. ಡಬ್ಬಿಯ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಒಣಗಿದ ಚೆಂಡುಹೂವಿನ ಒಂದು ಎಸಳು. ಸುತ್ತ ಕೂತ ಜನವೆಲ್ಲ ನಕ್ಕಿತು, ಆಕೆ ಕೈಮುಗಿದು ನಕ್ಕಳು. ನಾನೂ ನಕ್ಕೆ. ನಗುತ್ತ ಆ ವಿಭೂತಿಯನ್ನು ನೋಡಿದವಳಿಗೆ ನಗು ಅಲ್ಲೇ ನಿಂತಿತು.

ಈಗ ಹೇಳುತ್ತೇನೆ. ನಮ್ಮ ನೇಕಾರರ ಮನೆಗಳಲ್ಲಿ ಖಂಡೆ ಪೂಜೆಗೆ ಮೊದಲು ಮಗ್ಗವನ್ನು ಪೂರ್ತಿ ಬಿಚ್ಚಿ, ಒರೆಸಿ, ಎಣ್ಣೆ ಹಾಕಿ, ಲಾಳಿಯಿಂದ ಹಿಡಿದು ಕಂಡಿಕೆಯ ತನಕ ಪ್ರತಿಯೊಂದಕ್ಕೂ ವಿಭೂತಿ ಹಚ್ಚುತ್ತೇವೆ. ಒಂದು ಬಿಟ್ಟರೆ ಅದು ಮುನಿಯುತ್ತದೆ ಎಂದು ನನ್ನ ಅತ್ತೆ ಹೇಳುತ್ತಿದ್ದರು. ಮದುವೆಯಾದ ಮೊದಲ ವರ್ಷ ಭಕ್ತಿ ಹೆಚ್ಚಾಗಿ ನಾನು ಲಾಳಿಯ ಮೂಗಿಗೆ ಎಣ್ಣೆ ಕಲಸಿದ ಕುಂಕುಮ ಮೆತ್ತಿದ್ದೆ. ಮರುದಿನ ಬಿಳಿಯ ಧೋತರದ ಉದ್ದಕ್ಕೂ ಕೆಂಪು ಗೆರೆ! ಅತ್ತೆ ಕೇಳಿದಾಗ ನಾನು ಬಾಯಿ ಬಿಡಲಿಲ್ಲ. ಯಜಮಾನರೂ ಬಿಡಲಿಲ್ಲ. ಆ ತುಂಡನ್ನು ಕತ್ತರಿಸಿ ರುಮಾಲು ಮಾಡಿ ತಲೆಗೆ ಸುತ್ತಿಕೊಂಡು, "ಹೊಸಾ ನಮೂನಿ" ಎಂದು ಒಂದು ವರ್ಷ ತಿರುಗಿದರು. ನನ್ನ ತಪ್ಪನ್ನು ಅವರು ತಲೆಯ ಮೇಲೆ ಹೊತ್ತದ್ದು ಹೀಗೆ, ಎಲ್ಲರಿಗೂ ಕಾಣುವಂತೆ.

ಈ ಸಲ ನಾನು ಕಂಪ್ಯೂಟರನ್ನೂ ಬಿಡಲಿಲ್ಲ. ಎರಡು ತಿರುಪು ತೆಗೆದು ಬಾಜುವಿನ ತಗಡು ಕಳಚಿದೆ. ಒಳಗೆ ಗುಬ್ಬಿ ಗೂಡು ಕಟ್ಟುವಷ್ಟು ಹತ್ತಿ. ಎಲ್ಲ ಹೆಕ್ಕಿದೆ. ನಡುವೆ ಎಂಟಾಣೆಯಷ್ಟು ದೊಡ್ಡ ಒಂದು ಬಿಲ್ಲೆ, ಬೆಳ್ಳಿಯ ಹಾಗೆ ಮಿಂಚುತ್ತ ಕೂತಿತ್ತು. ಇಷ್ಟು ತಂತಿಗಳ ನಡುವೆ ಇದೊಂದೇ ಇಷ್ಟು ಚೆಂದ ಇದೆಯೆಂದರೆ ಇದೇ ಮುಖ್ಯ ಇರಬೇಕು ಎನ್ನಿಸಿತು. ಉಗುರಿನಿಂದ ಎಬ್ಬಿಸಿ, ಸೆರಗಿನಿಂದ ಒರೆಸಿ, ನೀರಲ್ಲಿ ಕಲಸಿದ ವಿಭೂತಿಯನ್ನು ಎರಡೂ ಬದಿಗೆ ದಟ್ಟವಾಗಿ ಎಳೆದು, ಕಟ್ ಎಂದು ಕೂರಿಸಿದೆ. ಸಮಾಧಾನದಿಂದ ಕೈಮುಗಿದೆ.

"ಆಯಿ, ಯಾಕ ಸುಮ್ಮನಾದಿ?" ಎಂದಳು ದಾಕ್ಷಿ.

"ಏನಿಲ್ಲವಾ, ಗಾಳಿ" ಎಂದೆ.

ಖಾನಾಪುರದ ಅಂಗಡಿಯಲ್ಲಿ ಜನ ಸಾಲು ನಿಂತಿದ್ದರು. ಬಸವರಾಜ ಅವರನ್ನೆಲ್ಲ ಹುಡುಗಿಯೊಬ್ಬಳಿಗೆ ಒಪ್ಪಿಸಿ, "ಬರ್ರಿ ಅತ್ತಿಯವರ, ಕುಂದರ್ರಿ" ಎಂದು ನನಗೆ ಕುರ್ಚಿ ಹಾಕಿದ. ಬೀಗರ ಕಡೆಯವಳೆಂದು ಚಹಾ ಬಂತು, ಚಹಾದ ಹಿಂದೆ ಅವಲಕ್ಕಿ ಬಂತು. ಆ ಮರ್ಯಾದೆ ನೋಡಿದಷ್ಟೂ ನನ್ನ ನಾಲಿಗೆ ಒಳಗೆ ಹೋಯಿತು. ಸೊಸೆಯ ತವರಿನಲ್ಲಿ ಕೂತು, ತಪ್ಪು ನನ್ನದು ಎಂದು ಯಾವ ಅತ್ತೆ ಹೇಳಿದ್ದಾಳೆ?

ಅವನು ಯಂತ್ರ ಹಚ್ಚಿ, ಹಚ್ಚಿದ ಕೂಡಲೇ ಒಂದು ಗುಂಡಿಯನ್ನು ಟಕಟಕ ಒತ್ತಿದ. ನಾನು ಎಂದೂ ಕಾಣದ ನೀಲಿ ಪುಟ ಬಂತು. "ಇಲ್ಲಿ ನೋಡ ದಾಕ್ಷಿ. ಯಾರನ್ನ ಮೊದಲ ಎಬ್ಬಸಬೇಕು ಅಂತ ಇಲ್ಲಿ ಬರದಿರ್ತೈತಿ. ಈಗ ಕಿಟಕಿ ಮುಂದ ಬಂದೈತಿ. ನಿನ್ನ ಪೆಂಗ್ವಿನ್ನಿಗೆ ಏನೂ ಆಗಿಲ್ಲ, ಹಿಂದ ನಿಂತೈತಿ ಅಷ್ಟ." ಹೆಸರನ್ನು ಮೇಲಕ್ಕೆ ಸರಿಸಿ, ಮತ್ತೆ ಹಚ್ಚಿದ. ಕಪ್ಪು ಪುಟ! ಎರಡು ಸಾಲು! ದಾಕ್ಷಿ ಕಿರುಚಿದ್ದಕ್ಕೆ ಝೆರಾಕ್ಸಿನ ಸಾಲೆಲ್ಲ ತಿರುಗಿ ನೋಡಿತು.

ಅಷ್ಟರಲ್ಲಿ ಕರೆಂಟ್ ಹೋಯಿತು.

ಹತ್ತು ನಿಮಿಷಕ್ಕೆ ಬಂತು. ಹಚ್ಚಿದರೆ ಮತ್ತೆ ಸೀದಾ ಕಿಟಕಿ, ಮತ್ತೆ ಒಂದನೇತ್ತೆಯ ವರ್ಷ. ಏನಾಯಿತೆಂದು ಕೇಳುವುದರೊಳಗೆ ಇನ್ನೊಮ್ಮೆ ಕರೆಂಟ್ ಹೋಯಿತು. ಬಸವರಾಜ ಗುಂಡಿಯಿಂದ ಕೈ ತೆಗೆದ.

"ಕರೆಂಟ ಹೋದ್ರ ಹೇಳಿದ್ದೆಲ್ಲಾ ಮರೀತೈತಿ. ಬೋರ್ಡ ಹೋಗಿರಬೇಕವಾ. ಇಷ್ಟ ಹಳೇದಕ್ಕ ಬ್ಯಾರೆ ಬೋರ್ಡ ಸಿಗೂದಿಲ್ಲ. ನಿನ್ನ ದಡಿ ಬೇಕಾರ ತಗದ ಕೊಡ್ತೀನಿ. ಆದ್ರ ಮಷೀನ ಮಾತ್ರ ಬಿಟ್ಟ ಬಿಡು."

"ಮಾಮಾ, ಇನ್ನೂ ಎರಡ ತೆನಿ ಅದಾವ. ಯಾವುದರ ಮ್ಯಾಲ ಮುಗಸ್ಲಿ?"

ಅವಳ ಆ ದನಿ ಕೇಳಿ ನನಗೆ ಯಜಮಾನರ ಬೆರಳು ನೆನಪಾಯಿತು. ಕೆಂಪು ಗೆರೆಯ ರುಮಾಲೂ ನೆನಪಾಯಿತು. ಆವತ್ತು ಬಾಯಿ ಬಿಡಲಿಲ್ಲ, ಒಬ್ಬರು ತಲೆಯ ಮೇಲೆ ಹೊತ್ತರು. ಮೂರು ದಿನದಿಂದ ನನ್ನ ಮಗ ಹೊತ್ತಿದ್ದಾನೆ. ಇನ್ನು ಈ ಕೂಸೂ ಹೊರಬೇಕೇ?

"ತಮ್ಮಾ, ಬಸಣ್ಣಾ" ಎಂದೆ. "ಅದರಾಗ ಬೆಳ್ಳಿ ಬಿಲ್ಲಿ ಹಂಗ ಒಂದ ಐತಲಾ, ಅದು ಏನ ಕೆಲಸಾ ಮಾಡ್ತೈತಿ?"

"ಸೆಲ್ಲ್ ರೀ ಅತ್ತಿಯವರ. ಕರೆಂಟ ಇಲ್ಲದಾಗ ಅದ ಎಲ್ಲಾ ನೆನಪ ಇಟ್ಟಕೊಂಡಿರತೈತಿ. ತಾರೀಖು, ಯಾರ ಮೊದಲು, ಎಲ್ಲಾ. ಅದನ್ನ ಹೋದ ತಿಂಗಳ ನಾನ ಹೊಸಾದ ಹಾಕೀನಿ, ಅದಕ್ಕೇನ ಆಗಿರೂದಿಲ್ಲ. ಯಾಕ?"

"ಅದಕ್ಕ ನಾ ವಿಭೂತಿ ಹಚ್ಚೀನಿ."

"ಎಲ್ಲಿ?"

"ಎರಡೂ ಕಡೆ."

ಬಸವರಾಜ ತಗಡು ಬಿಚ್ಚಿದ, ಬಿಲ್ಲೆ ತೆಗೆದ, ಬಾಗಿಲ ಬೆಳಕಿಗೆ ಹಿಡಿದ. ಸುಣ್ಣ ಬಳಿದಂತೆ ಗಟ್ಟಿಯಾಗಿ ಕೂತ ಮೂರು ಗೆರೆ. ಆ ಕಡೆ ಮೂರು, ಈ ಕಡೆ ಮೂರು. ಅವನು ಕುರ್ಚಿಯ ಮೇಲೆ ಕುಸಿದು ಹೊಟ್ಟೆ ಹಿಡಿದು ನಕ್ಕ. "ಅತ್ತಿಯವರ, ಇಷ್ಟ ದಪ್ಪ ಹಚ್ಚಿದ್ರ ಅದಕ್ಕರ ಉಸರ ಹೆಂಗ ಆಡಬೇಕ್ರಿ!"

ನಾನು ದಾಕ್ಷಿಯ ಮುಖ ನೋಡುವ ಧೈರ್ಯವಿಲ್ಲದೆ ನೆಲ ನೋಡುತ್ತಿದ್ದೆ. ಅವಳು ಬಂದು ನನ್ನ ಕೊರಳಿಗೆ ಜೋತುಬಿದ್ದಳು. "ಆಯಿ, ಅಪ್ಪಾಗ ಮೂರ ದಿನಾ ಬೈದಿಯಲ್ಲಾ!" ಎಂದು ನಕ್ಕಳು, ಅತ್ತಳು, ಎರಡೂ ಒಟ್ಟಿಗೆ. ವಕೀಲನೂ ಕಿಟಕಿಯೂ ಒಟ್ಟಿಗೆ ಏಳುವುದಿಲ್ಲ ಎಂದು ಯಾರು ಹೇಳಿದರು?

ಕರೆಂಟ್ ಬಂದ ಮೇಲೆ ಬಸವರಾಜ ಒರೆಸಿದ ಬಿಲ್ಲೆ ಹಾಕಿ, ನೀಲಿ ಪುಟಕ್ಕೆ ಹೋಗಿ ಎಲ್ಲ ಮತ್ತೆ ಬರೆದ. ಕಪ್ಪು ಪುಟ ಬಂತು. ವಕೀಲನ ಮನೆಯಲ್ಲಿ ಜೋಳದ ತೆನೆಗಳು ಒಂದೂ ಉದುರದೆ ನಿಂತಿದ್ದವು. ಆದರೂ ಅವನಿಗೆ ಸಮಾಧಾನವಿಲ್ಲ. "ಖರೇ ಪರೀಕ್ಷಾ ನಿಮ್ಮ ಮನ್ಯಾಗ. ದಿನಾ ಸಂಜಿಕೆ ದಾಕ್ಷಿ ಅಜ್ಜಾರು ಮಗ್ಗದ ಖೋಲಿ ಮೇನ್ ಸ್ವಿಚ್ ಆರಸ್ತಾರಲ್ಲ, ಆವಾಗ ನೋಡೂಣು" ಎಂದು ಅಂಗಡಿ ಬೇಗ ಮುಚ್ಚಿ ನಮ್ಮ ಜೊತೆಗೇ ರೈಲು ಹತ್ತಿದ.

ಮನೆಗೆ ಬಂದು ಮೊದಲು ಮಹಾಂತೇಶನ ಎದುರಿಗೆ ನಿಂತೆ. "ತಪ್ಪಾತಪಾ" ಎಂದೆ. ಅವನು ವಿಷಯ ಕೇಳಿ, "ಅವ್ವಾ, ಮುಟ್ಟದ ಕೆಟ್ಟೀತೇನ?" ಎಂದ, ನನ್ನದೇ ದನಿಯಲ್ಲಿ. ಹೇಳಲಿ ಬಿಡಿ. ಇನ್ನೂ ಎಂಟು ಸಲ ಹೇಳುವ ಹಕ್ಕು ಅವನಿಗಿದೆ.

ಸೊಸೆ ತಮ್ಮ ಬಂದನೆಂದು ಸಿಹಿಗೆ ಮಾದಲಿ ಮಾಡಿದಳು. ನಾನು ಎಣ್ಣೆಗಾಯಿ ಮಾಡಿ ರೊಟ್ಟಿ ಬಡಿದೆ. ಇಷ್ಟು ಜನ ಕೂರುವಷ್ಟು ಜಾಗ ಇರುವುದು ಮಗ್ಗದ ಕೋಣೆಯಲ್ಲೇ. ಎರಡು ಮಗ್ಗಗಳ ನಡುವೆ ಚಾಪೆ ಹಾಸಿ, ಕಂಪ್ಯೂಟರಿನ ಎದುರಿಗೇ ತಾಟು ಇಟ್ಟೆವು. ಎಲ್ಲರೂ ಕೂತರು. ಯಜಮಾನರು ಮಾತ್ರ ಎದ್ದು ಗೋಡೆಯ ಹತ್ತಿರ ಹೋದರು. ನಲವತ್ತು ವರ್ಷದ ರೂಢಿ, ಉಣ್ಣಲು ಕೂರುವ ಮುಂಚೆ ಮಗ್ಗದ ಕೋಣೆಯ ಮೇನ್ ಆರಿಸಬೇಕು.

"ಆರಸ್ಲೇನ?" ಎಂದು ದಾಕ್ಷಿಯನ್ನು ಕೇಳಿದರು.

"ಆರಸ ಅಜ್ಜಾ."

ಕೋಣೆ ಕತ್ತಲಾಯಿತು. ಅಡಿಗೆಮನೆಯ ಬಾಗಿಲಿನ ಬೆಳಕಿನಲ್ಲಿ ಯಾರ ಕೈಯೂ ತಾಟಿಗೆ ಇಳಿಯಲಿಲ್ಲ. ನಾನು ಮನಸ್ಸಿನಲ್ಲಿ ಏಕ, ದೋನ, ತೀನ ಎಣಿಸುತ್ತಿದ್ದೆ. ಇಪ್ಪತ್ತಕ್ಕೆ ಬಂದಾಗ ಅವರು ಮೇನ್ ಹಾಕಿದರು.

"ಆಯಿ, ನೀನ ಹಚ್ಚ" ಎಂದಳು ದಾಕ್ಷಿ.

ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಗುಂಡಿ ಒತ್ತಿದೆ. ಮುದಿ ಎಮ್ಮೆ ಉಸಿರೆಳೆಯಿತು. ಕಪ್ಪು ಪುಟ. ಮೇಲೊಂದು ಸಾಲು, ಕೆಳಗೊಂದು ಸಾಲು. ಮೇಲಿನದನ್ನೇ ಒತ್ತಿದೆ. ವಕೀಲ ನಿಧಾನವಾಗಿ ಎದ್ದ, ಮೂಲೆಯಲ್ಲಿ ಈ ಹೊತ್ತಿನದೇ ತಾರೀಖು. ಪಾಟಿಚೀಲದ ಕೂಸು ನನ್ನ ಪಕ್ಕದಲ್ಲಿ ಆಳೆತ್ತರ ನಿಂತು ತನ್ನ ದಡಿಯನ್ನು ಪರದೆಯ ತುಂಬ ತೆರೆದಳು.

ಸೋಮವಾರ ಸಂಘದವರು ಏನೆನ್ನುತ್ತಾರೋ ಗೊತ್ತಿಲ್ಲ. ಎರಡು ತೆನೆ ಇವತ್ತು ಮುಗಿಯುತ್ತವೆ, ಅವಳು ಈಗ ಅದರ ಮುಂದೆಯೇ ಕೂತಿದ್ದಾಳೆ. ನಿನ್ನೆ ಸಂಜೆಯ ಸಂಘದವರು ಮಾತ್ರ ನಾವೇ. ಯಜಮಾನರು ಪರದೆಯ ಹತ್ತಿರ ಹೋಗಿ, ಕೌದಿಯ ಮೂಲೆಯನ್ನು ಸವರಿದಂತೆಯೇ ಬೆರಳಿನಿಂದ ಒಂದು ತೆನೆಯನ್ನು ಮುಟ್ಟಿದರು.

"ಅಜ್ಜಾ, ಮುಟ್ಟಬ್ಯಾಡ, ಕೈಗೆ ಮಗ್ಗದ ಎಣ್ಣಿ ಐತಿ!"

"ನಾ ಬರೇ ಮುಟ್ಟೀನವಾ, ನಿಮ್ಮ ಆಯಿ ಹಂಗ ವಿಭೂತಿ ಹಚ್ಚಿಲ್ಲ" ಎಂದರು ಅವರು, ಬಂದು ಚಾಪೆಯ ಮೇಲೆ ನನ್ನ ಬಾಜು ಕೂತರು, ತಾಟು ಮುಂದಕ್ಕೆ ತಳ್ಳಿದರು. "ಹಾಕ ಇನ್ನ ರೊಟ್ಟಿ. ಮಾದಲಿಗೆ ತುಪ್ಪಾ ಎಲ್ಲೈತಿ?"